ಷೇರಿಲ್ಲದ ನಾಲಗೆ

ನಮ್ಮೂರಿನಲ್ಲಿ ಬೆಳಗಿನ ಕಾಫಿ ಕಹಿಯಾದರೆ ಯಾರೂ ಹೆಂಡತಿಯನ್ನು ಬಯ್ಯುವುದಿಲ್ಲ. 'ತಂಗಾಳಿ ಇಳಿದಿದೆ' ಎಂದು ಲೋಟ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಾರೆ, ಅಷ್ಟೆ. ತಂಗಾಳಿ ಎಂದರೆ ತಂಗಾಳಿ ಪಾನೀಯ ಮಳಿಗೆ. ಬಸ್ ನಿಲ್ದಾಣದ ಎದುರಿಗೆ ಅದರ ದೊಡ್ಡ ಅಂಗಡಿ, ಸುತ್ತಲಿನ ಊರುಗಳಲ್ಲಿ ಚಿಕ್ಕ ಚಿಕ್ಕ ಅಂಗಡಿಗಳು. ನಿಂಬೆ ಶರಬತ್ತು, ಗೋಲಿ ಸೋಡಾ, ಮಸಾಲೆ ಮಜ್ಜಿಗೆ, ಬೆಲ್ಲದ ಪಾನಕ, ಚಳಿಗಾಲಕ್ಕೆ ಶುಂಠಿ ಕಷಾಯ. ಅದರ ಷೇರು ಯಾರ ಹೆಸರಿನಲ್ಲಿದೆಯೋ ಅವರ ನಾಲಗೆಗೆ ಅದರ ಬೆಲೆ ತಾನಾಗಿಯೇ ಗೊತ್ತಾಗುತ್ತದೆ. ಏರಿದರೆ ಬಾವಿ ನೀರೂ ಸಿಹಿ, ಇಳಿದರೆ ಹೋಳಿಗೆಯೂ ಕಹಿ. ಬೆಲೆ ನಿಂತಲ್ಲೇ ನಿಂತ ದಿನ ಮಾತ್ರ ನಾಲಗೆ ನಮ್ಮದು. ಈ ಕಥೆ ನಡೆಯುವ ತನಕ ಊರಿನಲ್ಲಿ ಷೇರಿಲ್ಲದವರು ಒಬ್ಬರೂ ಇರಲಿಲ್ಲ, ಏಕೆಂದರೆ ಮಗುವಿಗೆ ಹೆಸರಿಡುವ ದಿನವೇ ತೊಟ್ಟಿಲಿಗೊಂದು ಷೇರು ಕಟ್ಟುವುದು ನಮ್ಮ ಪದ್ಧತಿ.

ಇದಕ್ಕೆ ನಾವು ಎಂದೋ ಹೊಂದಿಕೊಂಡಿದ್ದೇವೆ. ತಂಗಾಳಿ ಏರುತ್ತಿರುವ ವಾರದಲ್ಲೇ ಮದುವೆ ಇಟ್ಟುಕೊಳ್ಳುತ್ತೇವೆ. ಅಂಥ ದಿನ ಅಡುಗೆಯವರು ಅನ್ನ ಸೀಯಿಸಿದರೂ ಶಹಭಾಸ್‌ಗಿರಿ ಸಿಗುತ್ತದೆ. ಡಾಕ್ಟರು ಕಹಿ ಔಷಧಿ ಬರೆದರೆ ಜನ ಷೇರು ಏರುವ ತನಕ ಕಾದು ಕುಡಿಯುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಬಾಯಿಗಿಟ್ಟು ಮುಖ ಕಿವುಚಿದರೆ ಹುಡುಗಿಯ ತಂದೆ ಧೈರ್ಯವಾಗಿ 'ಮುಂದಿನ ವಾರ ಇನ್ನೊಮ್ಮೆ ಬನ್ನಿ' ಎನ್ನುತ್ತಾನೆ.

ನಾನು ಇಂದುಮತಿ. ಬಳೆಪೇಟೆ ಓಣಿಯಲ್ಲಿ ರವಿಕೆ ಹೊಲಿಯುತ್ತೇನೆ. ಬಾಯಿ ಜೋರು ಎನ್ನುತ್ತಾರೆ. ಇರಬಹುದು, ಆದರೆ ಷೇರಿನ ವಿಷಯದಲ್ಲಿ ಓಣಿಯ ಹೆಂಗಸರು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ತೊಟ್ಟಿಲ ಷೇರು ಒಂದರಲ್ಲೇ ತೃಪ್ತಿ ಪಟ್ಟುಕೊಂಡಿದ್ದವರನ್ನು ಹುರಿದುಂಬಿಸಿ ಹತ್ತಿಪ್ಪತ್ತು ಷೇರು ಕೊಳ್ಳುವಂತೆ ಮಾಡಿದವಳು ನಾನೇ. ನನ್ನ ಎದುರು ಅಂಗಡಿಯ ಬಳೆಯ ಜೈಬುನ್‌ಬೀ ಮಹಡಿ ಕಟ್ಟಿಸಲು ಕೂಡಿಟ್ಟಿದ್ದನ್ನೆಲ್ಲ ತಂಗಾಳಿಗೆ ಹಾಕಿದ್ದಳು. 'ಇಂದಕ್ಕ ಹೇಳಿದ್ಮೇಲೆ ಮುಗೀತು' ಎನ್ನುವಷ್ಟು ನಂಬಿಕೆ ಅವಳಿಗೆ. ಆ ನಂಬಿಕೆ ನನಗೆ ಎಷ್ಟು ಹೆಮ್ಮೆ ತರುತ್ತಿತ್ತು ಎಂದರೆ, ರವಿಕೆಗೆ ಅಳತೆ ತೆಗೆದುಕೊಳ್ಳುವಾಗಲೂ ನಾನು ಷೇರಿನ ಉಪದೇಶ ಮಾಡುತ್ತಿದ್ದೆ.

ಒಳ್ಳೆಯ ಕಾಲವೆಂದರೆ ಅದು. ಎರಡು ವರ್ಷ ತಂಗಾಳಿ ಏರುತ್ತಲೇ ಹೋಯಿತು. ನಾವು ತಿಂದದ್ದೆಲ್ಲ ಪಾಯಸ. ಶರಬತ್ತು ಮಾಡಿ ಪೂರೈಸಲಾಗದೆ ಮಳಿಗೆಯ ಯಜಮಾನರು ನಿಜಗುಣಪ್ಪನವರು ದೂರದಿಂದ ಒಂದು ಯಂತ್ರ ತರಿಸಿದರು. ಬುಟ್ಟಿಗಟ್ಟಲೆ ನಿಂಬೆಹಣ್ಣನ್ನು ಮೇಲಿಂದ ಸುರಿದರೆ ಕೆಳಗಿನಿಂದ ರಸ ಬರುತ್ತಿತ್ತು. ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಷೇರುದಾರರೆಲ್ಲರಿಗೂ ಮೊದಲ ಲೋಟ ಕೊಟ್ಟರು. ಹೊಸ ಪಾನೀಯ ಏನೇ ಬಂದರೂ ಷೇರುದಾರರು ಕುಡಿದು ಒಪ್ಪಬೇಕು ಎಂಬುದು ಮಳಿಗೆ ಹುಟ್ಟಿದಾಗಿನಿಂದ ಬಂದ ನಿಯಮ. ನಾವು ಕುಡಿದೆವು. ಅಮೃತ ಎಂದೆವು. ಅಂದು ನಮಗೆ ಬೇವಿನೆಣ್ಣೆ ಕೊಟ್ಟಿದ್ದರೂ ಅಮೃತವೆಂದೇ ಹೇಳುತ್ತಿದ್ದೆವು.

ದೀಪಾವಳಿ ಕಳೆದ ಮೇಲೆ ಕಾಫಿ ಒಂದಿಷ್ಟು ಒಗರಾಯಿತು. ಸಂಕ್ರಾಂತಿಗೆ ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಲು ಯಾರಿಂದಲೂ ಆಗಲಿಲ್ಲ. ಮಳಿಗೆಯ ಜಗಲಿಯಲ್ಲಿ ಬೆಳಿಗ್ಗೆ ಸೇರುತ್ತಿದ್ದ ಷೇರುದಾರರಿಗೆ ಓಂಕಾರಪ್ಪ ಮೇಷ್ಟ್ರು ಸಮಾಧಾನ ಹೇಳುತ್ತಿದ್ದರು. ಅವರು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಏರಿಳಿತದ ಗೆರೆ ಎಳೆದು, "ನೋಡ್ರಪ್ಪ, ಇದು ಬೆಟ್ಟ, ಇದು ಕಣಿವೆ. ಕಣಿವೆ ದಾಟಿದ್ರೆ ಮತ್ತೆ ಬೆಟ್ಟ ಬರ್ಲೇಬೇಕು" ಎನ್ನುತ್ತಿದ್ದರು. ಕಣಿವೆಯ ಗೆರೆ ಇಳಿದಿಳಿದು ನೆಲ ಮುಟ್ಟಿತು, ಬೆಟ್ಟ ಬರಲಿಲ್ಲ. ಆ ಯುಗಾದಿಗೆ ಬೇವೂ ಬೇವು, ಬೆಲ್ಲವೂ ಬೇವು.

ಅಷ್ಟರಲ್ಲಿ ಸಫಾರಿ ಸೂಟಿನವರೊಬ್ಬರು ಬಂದು ನಿಲ್ದಾಣದ ಪಕ್ಕದ ಲಾಡ್ಜಿನಲ್ಲಿ ಇಳಿದುಕೊಂಡರು. ಯಾವುದೋ ದೊಡ್ಡ ಬಾಟಲಿ ಕಂಪನಿಯ ಕಡೆಯವರು. ತಂಗಾಳಿ ಷೇರು ಯಾರು ತಂದರೂ ಕೊಳ್ಳುತ್ತೇನೆಂದು ಬಾಗಿಲಿಗೆ ಬೋರ್ಡು ಹಾಕಿದರು. ಮುಚ್ಚುಮರೆ ಏನಿಲ್ಲ, ತಾವಾಗಿಯೇ ಹೇಳಿದರು: ವಾರ್ಷಿಕ ಸಭೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಷೇರು ಅವರ ಕೈಗೆ ಬಂದರೆ ಶರಬತ್ತಿನ ಹಂಡೆಗಳು ಗುಜರಿಗೆ ಹೋಗಿ, ಎಲ್ಲ ಅಂಗಡಿಗಳಲ್ಲೂ ಅವರ ಬಾಟಲಿಗಳು ಕೂರುತ್ತವೆ. ಜನ ಒಬ್ಬೊಬ್ಬರಾಗಿ ಲಾಡ್ಜಿನ ಮೆಟ್ಟಿಲು ಹತ್ತತೊಡಗಿದರು. ಅವರನ್ನು ತಪ್ಪು ಎನ್ನುವುದು ಹೇಗೆ? ತಿಂದ ಅನ್ನ ಬಾಯಲ್ಲಿ ನಿಲ್ಲದಿದ್ದರೆ ಎಂಥವರೂ ಸೋಲುತ್ತಾರೆ. ಒಂದೇ ಸಂತೋಷವೆಂದರೆ, ಷೇರು ಕೊಂಡದ್ದೇ ತಡ, ಸಫಾರಿಯವರ ಬಾಯಿಯೂ ಕೆಟ್ಟಿತು. ಅವರಿಗೆ ನಮ್ಮೂರಿನ ವಿಷಯ ಗೊತ್ತಿರಲಿಲ್ಲ. ಲಾಡ್ಜಿನ ಅಡುಗೆಯವನೇ ಏನೋ ಬೆರೆಸುತ್ತಿದ್ದಾನೆಂದು ಜಗಳ ತೆಗೆದು ಹೋಟೆಲಿಂದ ಹೋಟೆಲಿಗೆ ಅಲೆದರು.

ಜೈಬುನ್‌ಬೀ ಒಂದು ದಿನ ನನ್ನ ಹೊಲಿಗೆ ಯಂತ್ರದ ಮುಂದೆ ಬಂದು ಕುಳಿತಳು. ಅವಳ ಮುಖ ನೋಡಿ ನಾನು ಪೆಡಲ್ ನಿಲ್ಲಿಸಿದೆ.

"ಇಂದಕ್ಕಾ, ಮಾರಿಬಿಡ್ಲಾ? ನಮ್ಮನೇಲಿ ಯಾರೂ ಹೊಟ್ಟೆ ತುಂಬ ಉಂಡು ತಿಂಗ್ಳಾಯ್ತು. ನೀನು ಹೂಂ ಅಂದ್ರೆ ಮಾರ್ತೀನಿ, ಬ್ಯಾಡ ಅಂದ್ರೆ ಇಟ್ಕೋತೀನಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಈಗಲೂ ನನ್ನನ್ನೇ ಕೇಳುತ್ತಿದ್ದಳು. "ಸಭೆ ತನಕ ತಡಿ ಜೈಬೂ" ಎಂದೆ. ಯಾವ ಧೈರ್ಯದಿಂದ ಹೇಳಿದೆನೋ ನನಗೇ ತಿಳಿಯದು. ತಂಗಾಳಿ ಹೋದರೆ ಅವಳ ಮಹಡಿಯೂ ಹೋಗುತ್ತದೆ, ಓಣಿಯಲ್ಲಿ ನನ್ನ ತಲೆಯೂ ತಗ್ಗುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ನನ್ನ ದಾರದ ಪಾರ್ಸೆಲ್ ಬರುವುದಿತ್ತು. ನಿಲ್ದಾಣದಲ್ಲಿ ಕಾಯುತ್ತಿದ್ದೆ. ಉರಿಬಿಸಿಲು. ಬಸ್ಸು ಬಂದು ನಿಂತು ಜನ ಇಳಿದರು. ಮೊದಲಾದರೆ ಇಳಿದವರೆಲ್ಲ ನೇರವಾಗಿ ತಂಗಾಳಿಗೆ ನುಗ್ಗುತ್ತಿದ್ದರು. ಈಗ ನಲ್ಲಿಯ ಕಡೆ ಹೋಗುತ್ತಿದ್ದರು. ಕೋಳಿಬುಟ್ಟಿ ಹೊತ್ತ ಹೆಂಗಸೊಬ್ಬಳು ಮಾತ್ರ ಬಂದು ಒಂದು ಶರಬತ್ತು ಕೇಳಿದಳು. ಒಂದು ಗುಟುಕು ಕುಡಿದಳೋ ಇಲ್ಲವೋ, ಥೂ ಎಂದು ಉಗಿದಳು.

"ಏನ್ರಪ್ಪ ಇದು, ಬೇವಿನ್ ಸೊಪ್ಪು ಅರೆದು ಹಾಕಿದೀರಾ?"

ಅಂಗಡಿಯವನು ನಗುತ್ತಲೇ, "ಷೇರು ಇಳಿದೈತೆ ಕಣಮ್ಮ, ಏನ್ ಮಾಡೋದು, ಎಲ್ಲಾರ್‌ಗೂ ಹಂಗೇ" ಎಂದ.

"ಎಂಥದ್ರೋ ಷೇರು? ನಂತಾವ ಇರೋದು ಕೋಳಿ!" ಎಂದು ಲೋಟ ಕುಕ್ಕಿ ಅವಳು ಬಸ್ಸು ಹತ್ತಿದಳು.

ನಾನು ಅಲ್ಲೇ ನಿಂತುಬಿಟ್ಟೆ. ಅವಳು ಪರವೂರಿನವಳು. ಅವಳಿಗೆ ಷೇರಿಲ್ಲ. ಷೇರಿಲ್ಲದವಳಿಗೆ ಶರಬತ್ತು ಯಾಕೆ ಕಹಿಯಾಗಬೇಕು? ಶರಬತ್ತೇ ನಿಜವಾಗಿ ಕಹಿಯಾಗಿದ್ದರೆ ಮಾತ್ರ! ಅದಕ್ಕೇ ಬಸ್ಸಿನವರು ಬಿಟ್ಟಿದ್ದಾರೆ, ಅದಕ್ಕೇ ವ್ಯಾಪಾರ ಕುಸಿದಿದೆ, ಅದಕ್ಕೇ ಷೇರು ಬಿದ್ದಿದೆ. ಕಹಿ ಮೊದಲು ಬಂದದ್ದು ಹಂಡೆಗೆ, ನಮ್ಮ ನಾಲಗೆಗೆ ಬಂದದ್ದು ಆಮೇಲೆ. ನಾವು ಇಡೀ ಊರು ಆ ಕಹಿಯನ್ನೇ ಕುಡಿದು, ಷೇರಿನ ಕಹಿ ಎಂದುಕೊಂಡು ಸುಮ್ಮನಿದ್ದೆವು. ಇಂಥ ದಡ್ಡತನ ನಮ್ಮೂರಿನವರಿಗಲ್ಲದೆ ಬೇರೆ ಯಾರಿಗೂ ಸಾಧ್ಯವಿಲ್ಲ. ಪಾರ್ಸೆಲ್ ಮರೆತು ಓಡಿದೆ.

ಸಂಜೆ ಜಗಲಿ ತುಂಬ ಜನ. ನಿಜಗುಣಪ್ಪನವರು ನನ್ನ ಮಾತು ಕೇಳಿ ಒಂದು ಲೋಟ ಶರಬತ್ತು ಕುಡಿದರು, ಮಜ್ಜಿಗೆ ಕುಡಿದರು, ನೀರು ಕುಡಿದರು. "ಎಲ್ಲ ಒಂದೇ ಕಹಿ ಕಣಮ್ಮ. ಯಾವುದು ಹಂಡೇದು, ಯಾವುದು ಷೇರಿಂದು ಅಂತ ಹೆಂಗೆ ಹೇಳ್ಲಿ?" ಎಂದರು. ಬಸ್ಸಿನವರನ್ನು ಕೇಳೋಣವೆಂದರೆ ಅವರು ಉಗಿದು ಹೋಗುತ್ತಾರೆಯೇ ಹೊರತು ಎಲ್ಲಿ ಕೆಟ್ಟಿದೆ ಎಂದು ಹೇಳಲು ನಿಲ್ಲುವುದಿಲ್ಲ. ತಂಗಾಳಿಯ ಹಳೆಯ ರುಚಿಯೂ ಅವರಿಗೆ ಗೊತ್ತಿಲ್ಲ. ಅದು ಗೊತ್ತಿರುವುದು, ಬೆಲೆ ವರ್ಷಗಟ್ಟಲೆ ಅಲುಗಾಡದೆ ನಿಂತಿದ್ದ ಕಾಲವನ್ನು ಕಂಡ ನಮ್ಮಂಥವರಿಗೆ. ಲಾಡ್ಜಿಗೆ ಹೋಗಿ ಮಾರಿದವರು ನಾಚಿಕೆಯಿಂದ ಮಳಿಗೆಯ ಕಡೆ ತಲೆ ಹಾಕುತ್ತಿರಲಿಲ್ಲ, ಹಾಕಿದರೂ ಅವರ ಮಾತನ್ನು ನಂಬುವವರಿರಲಿಲ್ಲ. ಅಂದರೆ ನಮ್ಮಲ್ಲೊಬ್ಬರು ಇದ್ದಬದ್ದ ಷೇರನ್ನೆಲ್ಲ ಬಿಟ್ಟುಕೊಡಬೇಕು. ಒಮ್ಮೆ ಬಿಟ್ಟುಕೊಟ್ಟವರು ಮತ್ತೆ ಕೊಳ್ಳುವಂತಿಲ್ಲ ಎಂಬುದು ತಂಗಾಳಿಯ ಕಟ್ಟುನಿಟ್ಟಿನ ಕಾನೂನು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ಗೋಡೆಯ ಮೇಲಿನ ಗೆರೆ ನೋಡತೊಡಗಿದರು.

"ತಳ ಮುಟ್ಟಿದಾಗ ಕೊಡೋದು ಅಂದ್ರೆ ಶುದ್ಧ ಮೂರ್ಖತನ" ಎಂದರು ಓಂಕಾರಪ್ಪ ಮೇಷ್ಟ್ರು.

"ಹಂಗಾದ್ರೆ ಆ ಮೂರ್ಖತನ ನಾನೇ ಮಾಡ್ತೀನಿ ಬಿಡಿ ಮೇಷ್ಟ್ರೇ" ಎಂದೆ. ಎಲ್ಲರೆದುರು ನನ್ನ ಷೇರುಗಳನ್ನೆಲ್ಲ ಜೈಬುನ್‌ಬೀ ಹೆಸರಿಗೆ ಮಾಡಿಸಿದೆ, ನನ್ನ ತೊಟ್ಟಿಲ ಷೇರನ್ನೂ ಸೇರಿಸಿ. ಅವಳು ಬೇಡ ಬೇಡ ಎಂದು ಕೈ ಹಿಂದಕ್ಕೆಳೆದುಕೊಂಡಳು. ನಾನು ಗದರಿಸಿ ಕೊಟ್ಟೆ. ನನ್ನ ಅಜ್ಜಿ ತನ್ನ ಕೈಯಿಂದ ತೊಟ್ಟಿಲಿಗೆ ಕಟ್ಟಿದ್ದ ಷೇರು ಅದು. ನನಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತೆ.

ಮನೆಗೆ ಬಂದಾಗ ನನ್ನ ಗಂಡ ಮರುಳಯ್ಯನವರು ವಿಷಯ ಕೇಳಿ ನನಗೊಂದು ತಟ್ಟೆ ಹಾಕಿದರು. ಆಮೇಲೆ, "ನಿನ್ನ ನಾಲಿಗೆ ಉದ್ದ ಅಂತ ಗೊತ್ತಿತ್ತು ಇಂದೂ, ಇಷ್ಟು ದುಬಾರಿ ಅಂತ ಗೊತ್ತಿರ್ಲಿಲ್ಲ" ಎಂದರು. ಊಟಕ್ಕೆ ಕುಳಿತೆ. ಬೆಳಿಗ್ಗೆ ನಾನೇ ಮಾಡಿದ್ದ ಹುಳಿಗೆ ಉಪ್ಪೇ ಹಾಕಿರಲಿಲ್ಲ. ಮಧ್ಯಾಹ್ನ ಅವರು ಷೇರನ್ನು ಬಯ್ಯುತ್ತ ಅದನ್ನೇ ಉಂಡಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಉಪ್ಪು ಬೆರೆಸಿಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡೆ. ಆಹಾ, ಉಪ್ಪು ಉಪ್ಪಾಗಿತ್ತು, ಹುಣಸೆ ಹುಳಿಯಾಗಿತ್ತು!

ಬೆಳಗಾಗುತ್ತಲೇ ಊರಿಗೆ ಊರೇ ಮಳಿಗೆಯ ಮುಂದೆ ನೆರೆಯಿತು. ಸಫಾರಿಯವರೂ ಮೂಗು ಮುಚ್ಚಿಕೊಂಡು ಒಂದು ಬ್ರೆಡ್ಡು ಕಡಿಯುತ್ತ ಬಂದು ನಿಂತರು. ಯಂತ್ರ ಆಗತಾನೆ ರಸ ತೆಗೆದಿತ್ತು. ಶರಬತ್ತು ಬೆರೆಸಿ ಹಂಡೆಗೆ ತುಂಬಿ ಮೊದಲ ಲೋಟ ನನ್ನ ಕೈಗೆ ಕೊಟ್ಟರು. ಕುಡಿದೆ. ಇನ್ನೊಮ್ಮೆ ಕುಡಿದೆ. ಏನೆಂದು ಹೇಳಲಿ? ಚೆನ್ನಾಗಿತ್ತು! ಹುಳಿ, ಸಿಹಿ, ಏಲಕ್ಕಿ, ಎಲ್ಲ ಹದವಾಗಿತ್ತು. ಸುಳ್ಳು ಹೇಳಲು ಷೇರು ಬಿಟ್ಟಿರಲಿಲ್ಲವಲ್ಲ. "ಚೆನ್ನಾಗೈತೆ" ಎಂದೆ.

ಜನ ಒಮ್ಮೆ ಗೊಳ್ಳೆಂದರು. ಮೇಷ್ಟ್ರು, "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಷೇರು ಬಿತ್ತು ಅಂತ ಶರಬತ್ತಿನ ಮೇಲೆ ಯಾಕಮ್ಮ ತಪ್ಪು ಹೊರಿಸ್ತೀಯಾ?" ಎಂದರು. ಸಫಾರಿಯವರು ಲಾಡ್ಜಿನ ಕಡೆ ತಿರುಗಿದರು, ಅವರ ಹಿಂದೆ ಹತ್ತಾರು ಜನ ಸಾಲಾಗಿ ಹೋದರು. ಜೈಬುನ್‌ಬೀ ಮಾತ್ರ ಹೋಗದೆ ನನ್ನ ಪಕ್ಕ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಮಾನದಿಂದ ಮೈಯೆಲ್ಲ ಉರಿಯುತ್ತಿತ್ತು. ಆದರೆ ಕೋಳಿಯ ಹೆಂಗಸು ಉಗಿದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮನೆಗೆ ಹೋಗುವುದಿಲ್ಲವೆಂದು ಮಳಿಗೆಯ ಬೆಂಚಿನ ಮೇಲೆ ಕುಳಿತುಬಿಟ್ಟೆ. ಮಜ್ಜಿಗೆ ತರಿಸಿ ಕುಡಿದೆ, ಸೋಡಾ ಕುಡಿದೆ, ಪಾನಕ ಕುಡಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ.

ಮಧ್ಯಾಹ್ನದ ಬಸ್ಸು ಬಂತು. ಬಾಯಾರಿಕೆಯಾಗಿ, ಬೇಸರದಿಂದಲೇ, ಇನ್ನೊಂದು ಲೋಟ ಶರಬತ್ತು ಕೇಳಿದೆ. ಬಾಯಿಗಿಟ್ಟ ಕೂಡಲೇ ಉಗಿದೆ. ಕಹಿ! ಗಂಟಲಿಗೆ ಅಂಟಿಕೊಳ್ಳುವಂಥ ಕಹಿ.

"ಇದು ಯಾವ ಹಂಡೇದು?" ಎಂದು ಕೂಗಿದೆ.

"ಬೆಳಿಗ್ಗೆ ನೀವು ಕುಡಿದ್ರಲ್ಲ, ಅದೇ ಹಂಡೇದು ಕಣಕ್ಕ" ಎಂದ ಅಂಗಡಿಯವನು.

ಒಳಗೆ ನುಗ್ಗಿ ಯಂತ್ರದ ಬಾಯಿಗೆ ಕೈ ಹಾಕಿದೆ. ನಿಂಬೆಹಣ್ಣು ಸಿಪ್ಪೆ, ಬೀಜ, ಬಿಳಿ ತಿರುಳು ಎಲ್ಲ ಸೇರಿ ನುಣ್ಣಗೆ ಅರೆದು ಹೋಗಿತ್ತು. ಮನೆಯಲ್ಲಿ ಯಾವ ಹೆಂಗಸು ನಿಂಬೆಯನ್ನು ಸಿಪ್ಪೆ ಜಜ್ಜುವ ಹಾಗೆ ಹಿಂಡುತ್ತಾಳೆ? ಆಗತಾನೆ ಅರೆದಾಗ ಗೊತ್ತಾಗುವುದಿಲ್ಲ. ಹೊತ್ತೇರಿದಂತೆ ಸಿಪ್ಪೆ, ಬೀಜಗಳ ಕಹಿ ರಸಕ್ಕೆ ಇಳಿಯುತ್ತದೆ. ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಹಂಡೆ ಕೆಟ್ಟಿರುತ್ತದೆ. ಯಂತ್ರ ಬಂದಾಗ ನಮ್ಮ ಬಾಯಿ ಸಿಹಿಯಾಗಿತ್ತು, ಆಮೇಲೆ ಕಹಿಯಾಗಿತ್ತು. ನಡುವೆ ಒಬ್ಬರಿಗೂ ನಿಂಬೆಯ ರುಚಿ ಸಿಕ್ಕಿರಲಿಲ್ಲ.

ನಿಜಗುಣಪ್ಪನವರು ಯಂತ್ರದ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತರು. "ಕೂರೋಕೆ ಪುರುಸೊತ್ತಿಲ್ಲ ಯಜಮಾನ್ರೇ, ಹಣ್ಣು ತರಿಸಿ" ಎಂದೆ. ಜೈಬುನ್‌ಬೀ ಆಗಲೇ ಓಣಿಗೆ ಓಡಿದ್ದಳು. ಬಳೆಪೇಟೆಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಬಂದರು. ಹಣ್ಣು ಹೆಚ್ಚಿ, ಬೀಜ ತೆಗೆದು, ಹಗುರಾಗಿ ಕೈಯಲ್ಲಿ ಹಿಂಡಿದೆವು. ಬೆರಳ ಸಂದಿಗಳೆಲ್ಲ ಉರಿದವು. ಸಂಜೆಯ ಬಸ್ಸಿನವರಿಗೆ ದುಡ್ಡಿಲ್ಲದೆ ಕೊಟ್ಟೆವು. ಮೊದಲು ಅನುಮಾನದಿಂದ ಮೂಸಿದರು. ಆಮೇಲೆ ಎರಡನೆಯ ಲೋಟ ಕೇಳಿದರು. ಡ್ರೈವರು ಹಾರನ್ ಒತ್ತಿ ಒತ್ತಿ ಸಾಕಾಗಿ ತಾನೂ ಇಳಿದು ಬಂದು ಒಂದು ಲೋಟ ಹಿಡಿದ.

ಬಸ್ಸಿನವರ ಬಾಯಿ ಎಂದರೆ ಸಾಮಾನ್ಯವೇ? ಸುದ್ದಿ ಅವರ ಜೊತೆಗೇ ಊರೂರು ಸುತ್ತಿತು. ಎಲ್ಲ ಅಂಗಡಿಗಳಲ್ಲೂ ಕೈಯಲ್ಲೇ ಹಿಂಡುವ ಏರ್ಪಾಡಾಯಿತು. ಬಿಸಿಲು ಬೇರೆ ಏರಿತ್ತು. ಮಳಿಗೆಯ ಮುಂದೆ ಹಳೆಯ ನೂಕುನುಗ್ಗಲು ಮರಳಿತು. ಷೇರು ಏನಾಯಿತೆಂದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ನನ್ನ ಪಾಲಿಗೆ ಕಾಫಿ ಬರೀ ಕಾಫಿಯಾಗಿತ್ತು.

ಒಂದು ಬೆಳಿಗ್ಗೆ ಜೈಬುನ್‌ಬೀ ಚಪ್ಪಲಿಯಿಲ್ಲದೆ ಓಣಿ ದಾಟಿ ಓಡಿಬಂದಳು. ಕೈಯಲ್ಲೊಂದು ಚೊಂಬು ನೀರು. "ಇಂದಕ್ಕಾ, ಸಿಹಿ! ನೀರು ಸಿಹಿ ಆಗೈತೆ, ಕುಡಿದು ನೋಡು!" ಎಂದು ಚೊಂಬನ್ನು ನನ್ನ ಬಾಯಿಗೇ ಹಿಡಿದಳು. ನಾನು ಕುಡಿದೆ. ನೀರು ನೀರಾಗಿತ್ತು. "ಹೌದು ಕಣೇ, ಸಿಹಿ" ಎಂದೆ. ಅವಳಿಗೆ ಆಗ ನೆನಪಾಗಿ ನಾಲಗೆ ಕಚ್ಚಿಕೊಂಡಳು. ಇಬ್ಬರೂ ತಬ್ಬಿಕೊಂಡು ನಕ್ಕೆವು, ಅತ್ತೆವು. ನನ್ನ ಬಾಳಿನಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿಲ್ಲ. ಅವಳ ಹಿಂದೆಯೇ ಓಣಿಯ ಬಾಗಿಲುಗಳೆಲ್ಲ ತೆರೆದವು. ಜನ ಲೋಟ ಹಿಡಿದು ಬೀದಿಗೆ ಬಂದು ಒಬ್ಬರ ನೀರನ್ನು ಇನ್ನೊಬ್ಬರಿಗೆ ಕುಡಿಸುತ್ತಿದ್ದರು.

ಆಮೇಲೆ ಲಾಡ್ಜಿನ ಮೆಟ್ಟಿಲು ಯಾರೂ ಹತ್ತಲಿಲ್ಲ. ಸಫಾರಿಯವರ ಕೈಗೆ ಬಂದದ್ದು ಅರ್ಧಕ್ಕೆ ಇನ್ನೂ ಸಾಕಷ್ಟು ಕಡಿಮೆಯಿತ್ತು, ಬೆಲೆಯೋ ಗಗನಕ್ಕೇರಿತ್ತು. ಬಾಟಲಿ ಕಂಪನಿ ಲೆಕ್ಕ ಹಾಕಿ, ಇನ್ನು ಕೊಳ್ಳುವುದಕ್ಕಿಂತ ಬಂದ ಲಾಭಕ್ಕೆ ಮಾರುವುದೇ ವಾಸಿ ಎಂದು ಸಫಾರಿಯವರಿಗೆ ತಿಳಿಸಿತು. ಊರಿನಲ್ಲಿ ಮಾರಿದವರು ಯಾರೂ ಮತ್ತೆ ಕೊಳ್ಳುವಂತಿರಲಿಲ್ಲ. ಮಾರದೆ ಗಟ್ಟಿಯಾಗಿ ನಿಂತವರು ಹಂಚಿಕೊಂಡರು. ಸಫಾರಿಯವರು ಹೊರಡುವ ದಿನ ಹೋಟೆಲಿನಲ್ಲಿ ಮೂರು ಪ್ಲೇಟು ಇಡ್ಲಿ ತಿಂದು ಅಡುಗೆಯವನ ಕೈ ಕುಲುಕಿದರಂತೆ. ತಮ್ಮ ಸ್ವಂತ ದುಡ್ಡಿನಲ್ಲಿ ಒಂದೇ ಒಂದು ಷೇರನ್ನು ಉಳಿಸಿಕೊಂಡು ಹೋದರೆಂದು ಲಾಡ್ಜಿನವರು ಹೇಳುತ್ತಾರೆ.

ವಾರ್ಷಿಕ ಸಭೆ ಹಬ್ಬದ ಹಾಗಿತ್ತು. ಷೇರಿಲ್ಲದ ನನ್ನನ್ನು ಕರೆದೊಯ್ದು ವೇದಿಕೆಯ ಮೇಲೆ ಕೂರಿಸಿದರು. ಮೇಷ್ಟ್ರು ಮೈಕು ಹಿಡಿದು, ಮೂರ್ಖತನ ಎಂದದ್ದು ತಮ್ಮ ಮೂರ್ಖತನವೆಂದು ಒಪ್ಪಿಕೊಂಡು ನನಗೆ ಶಾಲು ಹೊದಿಸಿದರು. ನಾನು ಮುಖ ಗಂಟಿಕ್ಕಿಕೊಂಡಿರಲು ಪ್ರಯತ್ನಿಸಿದೆ, ಆಗಲಿಲ್ಲ. ತಂಗಾಳಿಯ ಕಾನೂನನ್ನು ನನ್ನೊಬ್ಬಳಿಗಾಗಿ ಸಡಿಲಿಸಬೇಕೆಂದು ಎಲ್ಲರೂ ಕೈ ಎತ್ತಿದರು. ಜೈಬುನ್‌ಬೀ ನನ್ನ ಷೇರುಗಳನ್ನೆಲ್ಲ ರೇಷ್ಮೆ ವಸ್ತ್ರದಲ್ಲಿ ಕಟ್ಟಿಕೊಂಡು ವೇದಿಕೆ ಹತ್ತಿದಳು. "ತಗೋ ಇಂದಕ್ಕಾ, ನಿನ್ನ ಅಜ್ಜಿ ಕಟ್ಟಿದ್ದೂ ಇದರೊಳಗೇ ಐತೆ" ಎಂದು ಮುಂದೆ ಹಿಡಿದಳು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

ಅದೇ ಹೊತ್ತಿಗೆ ನಿಜಗುಣಪ್ಪನವರು ಹೊಸ ಪಾನೀಯದ ಹಂಡೆ ತರಿಸಿದರು. ಸಂಭ್ರಮಕ್ಕೆಂದು ತಾವೇ ನಿಂತು ಮಾಡಿಸಿದ ದ್ರಾಕ್ಷಿ ಪಾನಕವಂತೆ. ಸಭೆಗೆಲ್ಲ ಹಂಚಿದರು. ಜನ ಕಣ್ಣು ಮುಚ್ಚಿ ಚಪ್ಪರಿಸಿದರು. "ಅಮೃತ!" ಎಂದರು ಮೇಷ್ಟ್ರು. "ಅಮೃತ, ಅಮೃತ!" ಎಂದಿತು ಸಭೆ. ಮರುಳಯ್ಯನವರು ಎರಡನೆಯ ಲೋಟಕ್ಕೆ ಕೈ ಚಾಚಿದ್ದರು. ನನ್ನ ಕೈಗೂ ಒಂದು ಲೋಟ ಬಂತು. ಷೇರಿನ ಗಂಟು ಇನ್ನೂ ಜೈಬುನ್‌ಬೀಯ ಕೈಯಲ್ಲೇ ಇತ್ತು. ಒಂದು ಗುಟುಕು ಕುಡಿದೆ. ಹುಳಿತ ದ್ರಾಕ್ಷಿ, ಸೀದ ಬೆಲ್ಲ, ಮೇಲೆ ಯಾರೋ ಹಿಂಗು ಬೇರೆ ಹಾಕಿದ್ದರು. ಸಭೆಯ ತುಂಬ ನಗುವ ಮುಖಗಳು ನನ್ನನ್ನೇ ನೋಡುತ್ತಿದ್ದವು. ಗಂಟು ತೆಗೆದುಕೊಂಡರೆ ನನಗೂ ಇದು ಅಮೃತವೇ.

ಜೈಬುನ್‌ಬೀಯ ಕೈಯನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿದೆ. "ನಿನ್ನ ಮಹಡಿಗೆ ಇಟ್ಕೋ" ಎಂದೆ. ಆಮೇಲೆ ಮೈಕಿಗೆ ಬಾಯಿ ಕೊಟ್ಟು, "ಯಜಮಾನ್ರೇ, ಇದನ್ನ ಚೆಲ್ಸಿ" ಎಂದೆ.

ನಿಜಗುಣಪ್ಪನವರು ಸಿಹಿಯಾದ ತಮ್ಮ ಬಾಯನ್ನು ಒಮ್ಮೆ ಒರೆಸಿಕೊಂಡರು, ನನ್ನ ಮುಖ ನೋಡಿದರು. ತಾವೇ ಹಂಡೆಯ ಒಂದು ಕಿವಿ ಹಿಡಿದರು, ಮೇಷ್ಟ್ರು ಇನ್ನೊಂದು ಹಿಡಿದರು. ಹಂಡೆಯ ತುಂಬ ಇದ್ದದ್ದನ್ನು ಎಲ್ಲರೂ ನೋಡುತ್ತಿದ್ದಂತೆ ಚರಂಡಿಗೆ ಮಗುಚಿದರು. ಜನ ಎದ್ದು ನಿಂತು ತಮ್ಮ ತಮ್ಮ ಲೋಟಗಳನ್ನೂ ಚೆಲ್ಲಿದರು, ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ಷೇರು ವಾಪಸು ತಗೋ ಎಂದು ಆಮೇಲೆ ಯಾರೂ ಹೇಳಲಿಲ್ಲ.